ಕಂಡದ್ದನ್ನೇ ಹೇಳಿದರೆ ಸಾಕೇ?



ಸುಳ್ಳು ಹೇಳಬಾರದು ಎಂಬುದನ್ನು ನಾವೆಲ್ಲ ಮೊದಲ ಪರಮಪ್ರಸಾದದ ತರಗತಿಯಲ್ಲೇ ಕಲಿತವರು. ಎಂಟನೆಯ ಕಟ್ಟಳೆ ಯಾವುದು ಎಂದರೆ ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ. ಆದರೆ ಆ ತರಗತಿಯಲ್ಲಿ ನಾವು ಯಾರೂ ಕೇಳದ ಒಂದು ಪ್ರಶ್ನೆ ಕಳೆದ ಜನವರಿಯಲ್ಲಿ ನನಗೆ ಎದುರಾಯಿತು. ಒಬ್ಬರಿಗೆ ಸುಳ್ಳು ಹೇಳುವ ಉದ್ದೇಶವೇ ಇಲ್ಲ. ತಮ್ಮ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತಾರೆ. ಆದರೂ ಆ ಮಾತು ನಿಜವಾಗಿರುವುದಿಲ್ಲ, ಅದರಿಂದ ಇನ್ನೊಬ್ಬರ ಹೆಸರು ಕೆಡುತ್ತದೆ. ಹೇಳಿದವರದು ತಪ್ಪೇ? "ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಲಿಲ್ಲ" ಎಂಬ ಸಮಾಧಾನ ಸಾಕೇ?

ಈ ಪ್ರಶ್ನೆಗೆ ನಾನು ದಾರಿ ಹುಡುಕಿದ್ದು ನನ್ನ ಹವ್ಯಾಸದ ಮೂಲಕ. ಆದ್ದರಿಂದ ಮೊದಲು ಅದರ ಬಗ್ಗೆ ನಾಲ್ಕು ಮಾತು.

ಬಿ.ಎಸ್ಸಿ. ಓದುವಾಗ ಟ್ಯೂಷನ್ ಹೇಳಿಕೊಟ್ಟು ಕೂಡಿಸಿದ ಹಣದಲ್ಲಿ, ಯಾರೋ ಬಳಸಿ ಮಾರಿದ ಒಂದು ದೂರದರ್ಶಕ ಕೊಂಡಿದ್ದೆ. ಅದರ ಮುಂದಿನ ಲೆನ್ಸ್ 70 ಮಿಲಿಮೀಟರ್ ಅಗಲ, ಟೀ ಲೋಟದ ಬಾಯಿಗಿಂತ ತುಸು ದೊಡ್ಡದು. ಅಷ್ಟರಲ್ಲೇ ಚಂದ್ರನ ಕುಳಿಗಳು, ಗುರುಗ್ರಹದ ನಾಲ್ಕು ಚಂದ್ರರು, ಶನಿಯ ಉಂಗುರ ಎಲ್ಲ ಕಾಣುತ್ತವೆ. ನಮ್ಮ ತಾಳವಾಡಿ ಬಯಲು ಇದಕ್ಕೆ ಹೇಳಿ ಮಾಡಿಸಿದ ಜಾಗ. ಸುತ್ತ ಸತ್ಯಮಂಗಲದ ಕಾಡು, ಕಾಡಿನ ಕಡೆಗೆ ದೀಪಗಳಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಹಬ್ಬಕ್ಕೆ ಬಂದಾಗ ತಲೆ ಎತ್ತಿ ನಿಂತುಬಿಡುತ್ತಾರೆ. ಆನೆಯ ಭಯಕ್ಕೆ ಹೊಲದ ಕಡೆ ಹೋಗುವಂತಿಲ್ಲವಾದ್ದರಿಂದ ನಾನು ನೋಡುವುದು ದೇವಾಲಯದ ಹಿಂದಿನ ಅಂಗಳದಿಂದ.

ಕತ್ತಲಾಯಿತು, ದೂರದರ್ಶಕ ಹೊರಗಿಟ್ಟರಾಯಿತು ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಈ ಹವ್ಯಾಸದಲ್ಲಿ ನೋಡುವುದಕ್ಕಿಂತ ಹೆಚ್ಚಿನ ಹೊತ್ತು ಹೋಗುವುದು ನೋಡಲು ಆಗುತ್ತದೆಯೇ ಎಂದು ಪರೀಕ್ಷಿಸುವುದರಲ್ಲಿ. ಮಧ್ಯಾಹ್ನವೇ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ತೆಗೆದು ಮೋಡ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಬೇಕು. ಚಂದ್ರ ಎಷ್ಟು ಹೊತ್ತಿಗೆ ಮೂಡುತ್ತಾನೆ, ಎಷ್ಟು ದೊಡ್ಡವನಿದ್ದಾನೆ ಎಂದು ಕ್ಯಾಲೆಂಡರ್ ನೋಡಬೇಕು, ಏಕೆಂದರೆ ಹುಣ್ಣಿಮೆಯ ಬೆಳಕಿನಲ್ಲಿ ಸಣ್ಣ ನಕ್ಷತ್ರಗಳೆಲ್ಲ ಮುಳುಗಿಹೋಗುತ್ತವೆ. ಸಂಜೆಯಾದ ಮೇಲೆ ಬರಿಗಣ್ಣಿನ ಪರೀಕ್ಷೆ. ಚಂದ್ರನ ಸುತ್ತ ಗುಡಿ ಕಟ್ಟಿದ್ದರೆ ಮಳೆ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಮಳೆ ಪ್ರತಿ ಸಲ ಬರುವುದಿಲ್ಲ, ಆದರೆ ಅಜ್ಜಿ ನೋಡಿದ್ದು ಸರಿ. ಬಹಳ ಎತ್ತರದಲ್ಲಿ ತೆಳುಮೋಡ ಇದೆ, ಅದರ ಹಿಮದ ಹರಳುಗಳು ಬೆಳಕನ್ನು ಬಾಗಿಸಿ ಆ ಬಳೆ ಮೂಡಿಸುತ್ತಿವೆ ಎಂದು ಅದರ ಅರ್ಥ. ಕಣ್ಣಿಗೆ ಮೋಡವೇ ಇಲ್ಲ ಎನಿಸುವ ರಾತ್ರಿಯೂ ಅಂಥ ಮೋಡ ಇರಬಹುದು.

ಇನ್ನೊಂದು ಪರೀಕ್ಷೆ ಕೃತ್ತಿಕೆ. ಚಳಿಗಾಲದ ಸಂಜೆ ನೆತ್ತಿಯ ಹತ್ತಿರ ಕಾಣುವ ಆ ಪುಟ್ಟ ಗೊಂಚಲಿನಲ್ಲಿ ಬರಿಗಣ್ಣಿಗೆ ಆರು ನಕ್ಷತ್ರ ಎಣಿಸಲು ಬಂದರೆ ಗಾಳಿ ತಿಳಿಯಾಗಿದೆ. ಮೂರೋ ನಾಲ್ಕೋ ಕಂಡರೆ ಧೂಳೋ ಮಂಜೋ ಅಡ್ಡ ಇದೆ. ಆಮೇಲೆ ನಕ್ಷತ್ರಗಳ ಮಿನುಗು. ಮಳೆ ಬಂದು ಹೋದ ರಾತ್ರಿ ಗಾಳಿ ತೊಳೆದಂತಿರುತ್ತದೆ, ಸಾವಿರ ನಕ್ಷತ್ರ ಕಾಣುತ್ತವೆ. ಆದರೆ ಮೇಲಿನ ಗಾಳಿ ಅಲುಗುತ್ತಿದ್ದರೆ ದೂರದರ್ಶಕದಲ್ಲಿ ಗುರುಗ್ರಹ ಕುದಿಯುವ ನೀರಿನ ತಳದ ಕಾಸಿನಂತೆ ನಡುಗುತ್ತದೆ. ತೆಳು ಮಂಜಿನ ರಾತ್ರಿ ನಕ್ಷತ್ರ ಕಡಿಮೆ, ಆದರೆ ಗಾಳಿ ನಿಂತಿದ್ದರೆ ಗುರುಗ್ರಹ ಕೊರೆದಿಟ್ಟಂತೆ ಸ್ಪಷ್ಟ. ಒಂದು ಕೆಲಸಕ್ಕೆ ಒಳ್ಳೆಯ ಆಕಾಶ ಇನ್ನೊಂದಕ್ಕೆ ಒಳ್ಳೆಯದಲ್ಲ. ಕೊನೆಗೆ ನಮ್ಮ ಕಣ್ಣು. ದೀಪದಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿ ಅರಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ.

ಮೂವರು ರಾಯರ ಹಬ್ಬ ಕಳೆದ ಮೇಲೆ ಧರ್ಮೋಪದೇಶದ ಮಕ್ಕಳಿಗೆ ಗುರುಗ್ರಹ ತೋರಿಸುವುದು ಎಂದು ನಮ್ಮ ಯುವಜನ ಸಂಘದಲ್ಲಿ ತೀರ್ಮಾನವಾಗಿತ್ತು. ಅಂದು ಮೋಡವಿಲ್ಲ, ಗಾಳಿಯಿಲ್ಲ, ಚಂದ್ರ ಇನ್ನೂ ಮೂಡಿಲ್ಲ. ಮಕ್ಕಳು ಕೃತ್ತಿಕೆಯನ್ನು ಎಣಿಸಿದರು, ರೋಹಿಣಿಯ ಕೆಂಪು ನೋಡಿದರು, ಸಾಲಾಗಿ ನಿಂತರು. ಮೊದಲ ಹತ್ತು ಹನ್ನೆರಡು ಮಕ್ಕಳಿಗೆ ಗುರುಗ್ರಹವೂ ಅದರ ಪಕ್ಕ ಸಾಲಾಗಿ ನಾಲ್ಕು ಚುಕ್ಕಿಗಳೂ ಚೆನ್ನಾಗಿ ಕಂಡವು. ಆಮೇಲೆ ಒಬ್ಬ ಹುಡುಗನ ಸರದಿ. ಏಳನೆಯ ತರಗತಿ, ಕೈ ಸುಮ್ಮನಿರದ ಹುಡುಗ. ಹಿಂದೊಮ್ಮೆ ದೇವಾಲಯದ ಮೈಕ್ ಬಿಚ್ಚಿ ಬೈಸಿಕೊಂಡವನು. ಅವನು ನೋಡಿ ಆದ ಮೇಲೂ ಅಲ್ಲೇ, ದೂರದರ್ಶಕದ ಮುಂಭಾಗದ ಹತ್ತಿರ ನಿಂತು ಬಗ್ಗಿ ನೋಡುತ್ತಿದ್ದ. ಅವನ ನಂತರ ಬಂದ ಹುಡುಗಿ, "ಹೊಗೆ ಹೊಗೆ ಕಾಣ್ತದೆ ಅಕ್ಕ" ಎಂದಳು. ಅವಳ ಹಿಂದಿನವಳಿಗೂ ಹಾಗೆಯೇ. ಟಾರ್ಚ್ ಹಾಕಿ ನೋಡಿದರೆ ಲೆನ್ಸ್ ಮಬ್ಬಾಗಿದೆ.

"ಲೆನ್ಸಿಗೆ ಬೆರಳು ಹಾಕಿದೆಯಾ?" ಎಂದು ಗದರಿದೆ.

"ನಾನು ಮುಟ್ನಿಲ್ಲ ಕಣಕ್ಕ."

"ನೀನು ಅಲ್ಲೇ ನಿಂತಿದ್ದದ್ದನ್ನು ನಾನೇ ಕಂಡಿದ್ದೇನೆ. ಮೇಲಿಂದ ಸುಳ್ಳು ಬೇರೆ."

ಮೂವತ್ತು ಮಕ್ಕಳ ಎದುರು ಅವನನ್ನು ಮನೆಗೆ ಕಳಿಸಿದೆ. ಅವನು ತಿರುಗಿಯೂ ನೋಡದೆ ಹೋದ.

ಹತ್ತು ಗಂಟೆಗೆ ಎಲ್ಲ ಎತ್ತಿಡುವಾಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈ ಇಟ್ಟೆ. ಒದ್ದೆ. ಮೇಜಿನ ಮೇಲಿದ್ದ ಹಾಜರಿ ಪುಸ್ತಕದ ರಟ್ಟು ಒದ್ದೆ. ದೂರದರ್ಶಕದ ಕೊಳವೆ ಒದ್ದೆ. ಮತ್ತೆ ಟಾರ್ಚ್ ಹಿಡಿದು ನೋಡಿದೆ. ಲೆನ್ಸಿನ ಮಬ್ಬು ಒಂದು ಕಡೆ ಇರಲಿಲ್ಲ, ಅಂಚಿನಿಂದ ಅಂಚಿಗೆ ಒಂದೇ ಸಮ ಹರಡಿತ್ತು. ಬೆರಳಿನ ಗುರುತು ಹಾಗಿರುವುದಿಲ್ಲ. ಅದು ಇಬ್ಬನಿ.

ಭೌತಶಾಸ್ತ್ರ ಓದಿದವಳಿಗೆ ಇದು ಗೊತ್ತಿರಬೇಕಿತ್ತು. ಮೋಡವಿದ್ದರೆ ಅದು ಭೂಮಿಗೆ ಕಂಬಳಿಯಂತೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಹುಲ್ಲು, ಕುರ್ಚಿ, ಲೆನ್ಸ್ ಎಲ್ಲವೂ ತಮ್ಮ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತವೆ. ಗಾಳಿಯ ತೇವ ಅವುಗಳ ಮೇಲೆ ಹನಿಯಾಗಿ ಕೂರುತ್ತದೆ. ಅಂದರೆ ಆಕಾಶ ಎಷ್ಟು ತಿಳಿಯೋ ಇಬ್ಬನಿಯ ಅಪಾಯ ಅಷ್ಟು ಹೆಚ್ಚು. ನಾನು ಲಕ್ಷಾಂತರ ಕಿಲೋಮೀಟರ್ ದೂರದವರೆಗೆ ಎಲ್ಲವನ್ನೂ ಪರೀಕ್ಷಿಸಿ, ಒಂದು ಮಾರು ದೂರದಲ್ಲಿದ್ದ ಗಾಜನ್ನು ಮರೆತಿದ್ದೆ.

ಅಂದು ರಾತ್ರಿ ನಾನು ನನಗೇ ಹೇಳಿಕೊಂಡ ಮಾತು: "ನಾನೇನು ಸುಳ್ಳು ಹೇಳಲಿಲ್ಲವಲ್ಲ. ಅವನು ಅಲ್ಲಿ ನಿಂತಿದ್ದ, ಲೆನ್ಸ್ ಮಬ್ಬಾಗಿತ್ತು. ಎರಡನ್ನೂ ಕಣ್ಣಾರೆ ಕಂಡೆ." ಆದರೂ ನಿದ್ದೆ ಬರಲಿಲ್ಲ. ಆಗ ನೆನಪಾದದ್ದು ಕಾಲೇಜು ದಿನಗಳಲ್ಲಿ ಓದಿದ್ದ ಒಬ್ಬ ಗುರುಗಳ ಕಥೆ.

ಮ್ಯಾಕ್ಸಿಮಿಲಿಯನ್ ಹೆಲ್ ಯೇಸುಸಭೆಯ ಗುರುಗಳು, ವಿಯೆನ್ನಾ ನಗರದ ಖಗೋಳ ವೀಕ್ಷಣಾಲಯದ ಮುಖ್ಯಸ್ಥರು. 1769ರ ಜೂನ್ 3ರಂದು ಶುಕ್ರಗ್ರಹ ಸೂರ್ಯನ ಮುಂದೆ ಸಣ್ಣ ಕಪ್ಪು ಚುಕ್ಕಿಯಾಗಿ ಹಾದುಹೋಗುವುದಿತ್ತು. ಇದನ್ನು ಶುಕ್ರ ಸಂಕ್ರಮಣ ಎನ್ನುತ್ತಾರೆ. ಬಹಳ ಅಪರೂಪ. 2012ರ ಜೂನ್ 6ರಂದು ನಮ್ಮ ದೇಶದಲ್ಲಿ ಕಂಡಿತು, ಇನ್ನು ಮುಂದಿನದು 2117ರ ಡಿಸೆಂಬರಿನಲ್ಲಿ. ಭೂಮಿಯ ಬೇರೆ ಬೇರೆ ಮೂಲೆಗಳಿಂದ ಈ ಹಾದುಹೋಗುವಿಕೆಯ ಕಾಲವನ್ನು ಅಳೆದು ಹೋಲಿಸಿದರೆ ಸೂರ್ಯನ ದೂರವನ್ನು ಲೆಕ್ಕ ಹಾಕಬಹುದು. ಆ ದೂರ ಸುಮಾರು 15 ಕೋಟಿ ಕಿಲೋಮೀಟರ್ ಎಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತು, ಅಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಹೆಲ್ ಅವರು ಡೆನ್ಮಾರ್ಕ್ ದೊರೆಯ ಆಹ್ವಾನದ ಮೇಲೆ ನಾರ್ವೆಯ ಉತ್ತರ ತುದಿಯ ವಾರ್ಡೋ ಎಂಬ ಊರಿಗೆ ಹೋಗಿ, ಸೂರ್ಯನೇ ಮೂಡದ ಚಳಿಗಾಲವನ್ನು ಅಲ್ಲಿ ಕಳೆದು, ಸೂರ್ಯ ಮುಳುಗದ ಜೂನ್ ತಿಂಗಳಲ್ಲಿ ಸಂಕ್ರಮಣ ನೋಡಿ ಬರೆದುಕೊಂಡರು.

ಅವರು ತೀರಿಕೊಂಡದ್ದು 1792ರಲ್ಲಿ. ನಲವತ್ತಮೂರು ವರ್ಷಗಳ ನಂತರ, 1835ರಲ್ಲಿ, ಅದೇ ವಿಯೆನ್ನಾದ ಖಗೋಳಜ್ಞ ಕಾರ್ಲ್ ಲುಡ್ವಿಗ್ ಲಿಟ್ರೋ ಅವರಿಗೆ ಹೆಲ್ ಅವರ ಕೈಬರಹದ ದಿನಚರಿ ಸಿಕ್ಕಿತು. ಅಂಕಿಗಳನ್ನು ತಿದ್ದಿದ್ದಾರೆ, ಆಮೇಲೆ ಬೇರೆ ಶಾಯಿಯಲ್ಲಿ ಬರೆದಿದ್ದಾರೆ, ಅಂದರೆ ನೋಡದ್ದನ್ನು ನೋಡಿದಂತೆ ಸೇರಿಸಿದ್ದಾರೆ ಎಂದು ಲಿಟ್ರೋ ಪುಸ್ತಕ ಪ್ರಕಟಿಸಿದರು. ಸತ್ತವರು ಉತ್ತರ ಕೊಡಲಾರರು. ಹೆಲ್ ಅವರ ಹೆಸರಿನ ಜೊತೆ ವಂಚಕ ಎಂಬ ಕಳಂಕ ಅಂಟಿಕೊಂಡಿತು.

1883ರಲ್ಲಿ ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಾಂಬ್ ವಿಯೆನ್ನಾಕ್ಕೆ ಹೋದಾಗ ಆ ದಿನಚರಿಯನ್ನು ತಾವೇ ಕೈಯಲ್ಲಿ ಹಿಡಿದು ನೋಡಿದರು. ತಿದ್ದುಗಳು ಇದ್ದವು. ಆದರೆ ಲಿಟ್ರೋ ಹೇಳಿದಂತೆ ಅವು ಆಮೇಲೆ ಬೇರೆ ಶಾಯಿಯಲ್ಲಿ ಮಾಡಿದವಲ್ಲ, ಬರೆಯುವ ಹೊತ್ತಿನಲ್ಲೇ ಆದವು ಎಂದು ಅವರಿಗೆ ಕಂಡಿತು. ಹಾಗಾದರೆ ಲಿಟ್ರೋ ಏಕೆ ಹಾಗೆ ಬರೆದರು? ವಿಚಾರಿಸಿದಾಗ ತಿಳಿದದ್ದು: ಲಿಟ್ರೋ ಅವರಿಗೆ ವರ್ಣಾಂಧತೆ ಇತ್ತು. ಕೆಂಪು ಬಣ್ಣ ಗುರುತಿಸಲು ಬರುತ್ತಿರಲಿಲ್ಲ. ರೋಹಿಣಿಯ ಬಣ್ಣಕ್ಕೂ ಅಚ್ಚ ಬಿಳಿ ನಕ್ಷತ್ರದ ಬಣ್ಣಕ್ಕೂ ಅವರಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಂಥವರು ಶಾಯಿಯ ಬಣ್ಣ ನೋಡಿ ತೀರ್ಪು ಕೊಟ್ಟಿದ್ದರು. ನ್ಯೂಕಾಂಬ್ ಇದನ್ನು ಬೆಳಕಿಗೆ ತಂದು ಹೆಲ್ ಅವರ ಹೆಸರನ್ನು ತೊಳೆದರು. ಅಷ್ಟರಲ್ಲಿ ಆರೋಪಕ್ಕೆ ನಲವತ್ತೆಂಟು ವರ್ಷ ಆಗಿತ್ತು. ಲಿಟ್ರೋ 1877ರಲ್ಲೇ ತೀರಿಕೊಂಡಿದ್ದರು. ತಾನು ತಪ್ಪಿದೆ ಎಂದು ತಿಳಿಯುವ ಅವಕಾಶವೂ ಅವರಿಗೆ ಸಿಗಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲಿಟ್ರೋ ಸುಳ್ಳು ಹೇಳಿದರೇ? ಇಲ್ಲ. ಕಂಡದ್ದನ್ನೇ ಬರೆದರು. ಕಣ್ಣಿನ ದೋಷ ಅವರು ಬೇಡಿ ಪಡೆದದ್ದಲ್ಲ. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಶಾಯಿಯ ಬಣ್ಣದ ಮೇಲೆ ಒಬ್ಬ ಮನುಷ್ಯನ ಇಡೀ ಜೀವನದ ಪ್ರಾಮಾಣಿಕತೆಯನ್ನು ತೂಗುವ ಮುಂಚೆ, "ಬನ್ನಿ, ಈ ಎರಡು ಶಾಯಿ ನಿಮಗೂ ಬೇರೆ ಬೇರೆಯಾಗಿ ಕಾಣುತ್ತವೆಯೇ?" ಎಂದು ಪಕ್ಕದ ಕೋಣೆಯವರನ್ನು ಕರೆದು ಒಂದು ಮಾತು ಕೇಳಬಹುದಿತ್ತು. ಅವರು ಕಂಡದ್ದರಲ್ಲಿ ದೋಷ ಹುಡುಕುವುದು ಬೇಡ. ದೋಷ ಇದ್ದದ್ದು ಆ ಒಂದು ಮಾತು ಕೇಳದೆ ಇದ್ದುದರಲ್ಲಿ.

ನನ್ನ ಉತ್ತರವೂ ಇಷ್ಟೇ. ಸುಳ್ಳು ಹೇಳದಿರುವುದು ಸತ್ಯಕ್ಕೆ ನಾವು ತೀರಿಸಬೇಕಾದ ಸಾಲದ ಅರ್ಧ ಭಾಗ. ನಾನು ಯಾವುದರ ಮೂಲಕ ನೋಡುತ್ತಿದ್ದೇನೆ ಎಂದು ಪರೀಕ್ಷಿಸುವುದು ಉಳಿದ ಅರ್ಧ. ನಮ್ಮ ಧರ್ಮಸಭೆಯ ಬೋಧನೆಯೂ ಇದನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಸುಳ್ಳು ಸಾಕ್ಷಿ ಒಂದು ಪಾಪ. ಸಾಕಷ್ಟು ಆಧಾರವಿಲ್ಲದೆ ನೆರೆಯವರ ನಡತೆಯಲ್ಲಿ ತಪ್ಪಿದೆ ಎಂದು ಮನಸ್ಸಿನಲ್ಲೇ ಒಪ್ಪಿಕೊಳ್ಳುವ ಆತುರದ ತೀರ್ಪು ಬೇರೆಯೇ ಒಂದು ತಪ್ಪು. ಅದಕ್ಕೆ ಬಾಯಿ ತೆರೆಯಬೇಕಾಗಿಯೂ ಇಲ್ಲ.

ನನ್ನ ವಿಷಯದಲ್ಲಿ ಹಾಗೆಯೇ ಆಯಿತು. ನಾನು ಕಂಡದ್ದು ಎರಡು: ಹುಡುಗ ಅಲ್ಲಿ ನಿಂತಿದ್ದ, ಲೆನ್ಸ್ ಮಬ್ಬಾಗಿತ್ತು. ಬೆರಳನ್ನು ನಾನು ಕಂಡಿರಲಿಲ್ಲ. ಅದನ್ನು ಸೇರಿಸಿದ್ದು ನಾನು. ಏಕೆ ಸೇರಿಸಿದೆ? ಮೈಕ್ ಬಿಚ್ಚಿದ ಹುಡುಗ ಎಂಬ ಹಳೆಯ ನೆನಪು. ಅವನ ಜಾಗದಲ್ಲಿ ಪಾಲನಾ ಸಮಿತಿಯ ಹಿರಿಯರೊಬ್ಬರು ಬಗ್ಗಿ ನಿಂತಿದ್ದರೆ, "ಲೆನ್ಸಿಗೆ ಏನಾಯಿತೋ ನೋಡೋಣ" ಎನ್ನುತ್ತಿದ್ದೆ. ಇಬ್ಬನಿ ಲೆನ್ಸಿನ ಮೇಲೆ ಕೂರುವ ಮುಂಚೆಯೇ ನನ್ನಲ್ಲಿ ಕೂತಿತ್ತು.

ಇದಕ್ಕೆ ಆಕಾಶ ನೋಡುವವರು ಕಂಡುಕೊಂಡ ಒಂದು ಸರಳ ಅಭ್ಯಾಸವಿದೆ. ಪ್ರತಿ ರಾತ್ರಿಯ ದಾಖಲೆ ಬರೆದಿಡುವುದು. ಏನು ಕಂಡಿತು ಎಂಬುದರ ಜೊತೆಗೆ ಎಷ್ಟು ಗಂಟೆ, ಮೋಡ ಎಷ್ಟು, ಚಂದ್ರ ಎಲ್ಲಿ, ಗಾಳಿ ನಿಂತಿದೆಯೇ ಎಂಬುದನ್ನೂ ಬರೆಯಬೇಕು. ಮುಖ್ಯವಾಗಿ, "ಕಾಣಲಿಲ್ಲ" ಮತ್ತು "ನೋಡಲಾಗಲಿಲ್ಲ" ಎಂಬ ಎರಡನ್ನು ಬೇರೆ ಬೇರೆ ಬರೆಯಬೇಕು. ಆಕಾಶ ತಿಳಿಯಾಗಿತ್ತು, ಹುಡುಕಿದೆ, ಸಿಗಲಿಲ್ಲ ಎಂದರೆ ಅದೊಂದು ಸುದ್ದಿ. ಮೋಡ ಮುಚ್ಚಿತ್ತು ಎಂದರೆ ಆ ವಸ್ತುವಿನ ಬಗ್ಗೆ ನನಗೆ ಹೇಳಲು ಏನೂ ಇಲ್ಲ ಎಂದರ್ಥ.

1610ರ ಜನವರಿಯಲ್ಲಿ ಗೆಲಿಲಿಯೋ ಇದೇ ಗುರುಗ್ರಹದ ಪಕ್ಕದ ಚುಕ್ಕಿಗಳನ್ನು ಮೊದಲು ಕಂಡರು. 7ರಂದು ಮೂರು ಚುಕ್ಕಿ, ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ. 8ರಂದು ಮೂರೂ ಒಂದೇ ಕಡೆ. ಎಂಥ ಕುತೂಹಲ ಇದ್ದಿರಬೇಕು! 9ರಂದು ಮೋಡ. ಅಂದು ಏನಾಗಿರಬಹುದು ಎಂದು ಊಹಿಸಿ ತುಂಬಿಸದೆ, ಮೋಡವಿತ್ತು ಎಂದೇ ಬರೆದರು. 10ರಂದು ಮತ್ತೆ ನೋಡಿದರು.

ಇದಕ್ಕಿಂತ ಮನ ಕಲಕುವ ದಾಖಲೆ ನಮ್ಮ ನೆರೆಯ ಪುದುಚೇರಿಯದು. ಹೆಲ್ ಅವರು ವಾರ್ಡೋದಲ್ಲಿ ನೋಡಿದ ಅದೇ ಸಂಕ್ರಮಣಕ್ಕಾಗಿ ಫ್ರಾನ್ಸಿನ ಗಿಯೋಮ್ ಲ ಜಾಂತಿ ಅಲ್ಲಿ ಕಾದಿದ್ದರು. 1761ರ ಸಂಕ್ರಮಣ ನೋಡಲು 1760ರಲ್ಲೇ ದೇಶ ಬಿಟ್ಟು ಹೊರಟವರು. ಯುದ್ಧದಲ್ಲಿ ಪುದುಚೇರಿ ಇಂಗ್ಲಿಷರ ಪಾಲಾದದ್ದರಿಂದ ಆ ದಿನ ಅವರು ನಡುಗಡಲಿನಲ್ಲಿದ್ದರು. ತೂಗಾಡುವ ಹಡಗಿನಿಂದ ಸರಿಯಾಗಿ ಅಳೆಯಲು ಆಗಲಿಲ್ಲ. ಮನೆಗೆ ಮರಳದೆ ಎಂಟು ವರ್ಷ ಈ ಸಮುದ್ರಗಳಲ್ಲೇ ಉಳಿದು, ಪುದುಚೇರಿಯಲ್ಲಿ ವೀಕ್ಷಣಾಲಯ ಕಟ್ಟಿ ಸಿದ್ಧರಾದರು. ಅದಕ್ಕೆ ಮುಂಚಿನ ಬೆಳಗುಗಳು ತಿಳಿಯಾಗಿದ್ದವು. 1769ರ ಜೂನ್ 4ರ ಬೆಳಿಗ್ಗೆ ಮೋಡ ಕವಿಯಿತು. ಶುಕ್ರ ದಾಟಿ ಹೋದ ಮೇಲೆ ಬಿಸಿಲು ಬಂತು. 1771ರಲ್ಲಿ ಊರಿಗೆ ಮರಳಿದರೆ, ಸತ್ತರೆಂದು ತಿಳಿದು ಅಕಾಡೆಮಿಯ ಅವರ ಸ್ಥಾನವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಸಂಕ್ರಮಣದ ಕಾಲವನ್ನು ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ. ನಾಲ್ಕು ಅಂಕಿ ಬರೆದಿದ್ದರೆ ಯಾರು ಕೇಳುತ್ತಿದ್ದರು? ಆದರೂ ಅವರು ಲೋಕಕ್ಕೆ ಹೇಳಿದ್ದು ಮೋಡದ ಕಥೆಯನ್ನೇ.

ಈ ಅಭ್ಯಾಸ ನಮ್ಮ ಹಾಜರಿ ಪುಸ್ತಕಕ್ಕೂ ಬೇಕು ಎಂದು ನನಗೆ ಆಮೇಲೆ ಹೊಳೆಯಿತು. ಯುವಜನರ ಪಟ್ಟಿಯಲ್ಲಿ ಮೂವರ ಹೆಸರಿನ ಮುಂದೆ ನಾನೇ "ಆಸಕ್ತಿ ಇಲ್ಲ" ಎಂದು ಬರೆದಿದ್ದೆ. ವಿಚಾರಿಸಿದಾಗ ಒಬ್ಬಳು ತಿರುಪ್ಪೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿದ್ದಾಳೆ, ತಿಂಗಳಿಗೊಮ್ಮೆ ಊರಿಗೆ ಬರುತ್ತಾಳೆ. ಇನ್ನೊಬ್ಬ, ತಮಿಳು ಮನೆಮಾತಿನ ಅಜ್ಜಿಯನ್ನು ಕರೆದುಕೊಂಡು ಪ್ರತಿ ಭಾನುವಾರ ತಮಿಳು ಪೂಜೆಗೆ ಹೋಗುತ್ತಾನೆ. ನಾನು ಕನ್ನಡ ಪೂಜೆಯ ಬಾಗಿಲಲ್ಲಿ ಮಾತ್ರ ನಿಂತು ಎಣಿಸಿದ್ದೆ. ಮೂರನೆಯವನಿಗೆ ನಿಜವಾಗಿಯೂ ಆಸಕ್ತಿ ಇಲ್ಲ, ಅದನ್ನು ಅವನೇ ನಗುತ್ತಾ ಒಪ್ಪಿಕೊಂಡ! ಮೂರರಲ್ಲಿ ಒಂದು ಸರಿ. ನಾಲ್ಕು ಭಾಷೆಗಳ ನಮ್ಮ ಧರ್ಮಪ್ರಾಂತ್ಯದಲ್ಲಿ "ಅವರು ಬರುವುದಿಲ್ಲ", "ಅವರಿಗೆ ನಾವು ಬೇಡ" ಎಂದು ಒಂದು ಭಾಷೆಯವರು ಇನ್ನೊಬ್ಬರ ಬಗ್ಗೆ ಸುಲಭವಾಗಿ ಹೇಳುತ್ತೇವೆ. ಅದು "ಕಾಣಲಿಲ್ಲ" ಎಂಬ ಸಾಲೋ, "ನೋಡಲಾಗಲಿಲ್ಲ" ಎಂಬ ಸಾಲೋ?

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಸರಿಯಾದವೇ.

ಮೊದಲನೆಯದು: ಪೂರ್ತಿ ತಿಳಿಯಾದ ಆಕಾಶಕ್ಕೆ ಕಾದರೆ ಜೀವಮಾನದಲ್ಲಿ ಏನನ್ನೂ ನೋಡಲಾಗದು. ಮನುಷ್ಯರ ಬಗ್ಗೆಯೂ ಎಂದಾದರೂ ತೀರ್ಮಾನಿಸಲೇಬೇಕಲ್ಲ? ಹೌದು. ನಮ್ಮ ಊಟಿಯ ಹತ್ತಿರ ಮುತ್ತೊರೈಯಲ್ಲಿ ಬೆಟ್ಟದ ಇಳಿಜಾರಿನ ಮೇಲೆ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ 1970ರಿಂದ ಕೆಲಸ ಮಾಡುತ್ತಿದೆ. ಅದಕ್ಕೆ ಮೋಡ ಅಡ್ಡಿಯೇ ಅಲ್ಲ. ಆದರೆ ನಾವು ಹುಟ್ಟಿಸುವ ರೇಡಿಯೋ ಗದ್ದಲ ಅದಕ್ಕೆ ಅಡ್ಡಿ. ಪ್ರತಿಯೊಂದು ಕಣ್ಣಿಗೂ ಅದರದೇ ಮೋಡ ಇದೆ. ಆದ್ದರಿಂದ ಕಾಯುತ್ತಾ ಕೂರಬೇಕಾಗಿಲ್ಲ, ನೋಡಬೇಕು, ಹೇಳಬೇಕು. ಹೇಳುವಾಗ ಎಷ್ಟು ಮೋಡದ ನಡುವೆ ಕಂಡೆ ಎಂಬುದನ್ನೂ ಸೇರಿಸಬೇಕು. ಮತ್ತು ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆ ಎಂದು ಯೋಚಿಸಬೇಕು. ಶನಿಯ ಬಗ್ಗೆ ನಾನು ತಪ್ಪು ಹೇಳಿದರೆ ಶನಿಗೆ ನಷ್ಟವಿಲ್ಲ. ಹನ್ನೆರಡು ವರ್ಷದ ಹುಡುಗನ ಬಗ್ಗೆ ಹೇಳಿದರೆ ಇದೆ. ಪೆಟ್ಟು ದೊಡ್ಡದಾದಷ್ಟೂ ಪರೀಕ್ಷೆ ಹೆಚ್ಚಬೇಕು.

ಎರಡನೆಯದು ಇನ್ನೂ ಗಂಭೀರ. ಅನ್ಯಾಯ ಕಂಡವರು ಬಾಯಿ ಬಿಟ್ಟಾಗ, "ನಿನಗೆ ಸರಿಯಾಗಿ ಕಂಡಿತೇ? ನಿನ್ನ ಮನಸ್ಸಿನ ಭ್ರಮೆ ಇರಬಹುದು" ಎಂದು ಅವರನ್ನೇ ಸುಮ್ಮನಾಗಿಸುವುದು ಲೋಕದ ಹಳೆಯ ಚಾಳಿ. ನಮ್ಮ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ನಾನು ಹೇಳುವ ಪರೀಕ್ಷೆ ಅದಕ್ಕೆ ಆಯುಧವಾಗಬಾರದು. ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ದೃಷ್ಟಿ ಪಡೆದ ಹುಟ್ಟುಕುರುಡನನ್ನು ದೊಡ್ಡವರೆಲ್ಲ ಸೇರಿ ಪ್ರಶ್ನಿಸುತ್ತಾರೆ. ಅವನು ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾನೆ, ಗೊತ್ತಿರುವ ಒಂದೇ ಸಂಗತಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಪರೀಕ್ಷಿಸದೆ ತೀರ್ಪು ಕೊಟ್ಟವರು ಅವನನ್ನು ಕೇಳಿದವರು. ಲೆನ್ಸ್ ಒರೆಸುವ ಕರ್ತವ್ಯ ನನ್ನ ಲೆನ್ಸಿಗೆ ಮೊದಲು, ಅದರಲ್ಲೂ ಅಧಿಕಾರ ನನ್ನ ಕೈಯಲ್ಲಿದ್ದಾಗ. ಅಂದು ಅಂಗಳದಲ್ಲಿ ಅಧಿಕಾರ ನನ್ನದಾಗಿತ್ತು. "ಮುಟ್ನಿಲ್ಲ" ಎಂದ ಹುಡುಗನೇ ನಿಜವಾದ ಸಾಕ್ಷಿಯಾಗಿದ್ದ.

ಸಂಜೆಯ ಕೆಂಪು ನೋಡಿ ನಾಳೆಯ ಹವೆ ಹೇಳಬಲ್ಲವರು ತಮ್ಮ ಕಾಲದ ಗುರುತುಗಳನ್ನು ಏಕೆ ಓದಲಾರರು ಎಂದು ಯೇಸುಸ್ವಾಮಿ ಕೇಳಿದ ಪ್ರಸಂಗ ಸಂತ ಮತ್ತಾಯರ ಶುಭಸಂದೇಶದ 16ನೆಯ ಅಧ್ಯಾಯದಲ್ಲಿದೆ. ಉಪಗ್ರಹ ಚಿತ್ರ ಓದಬಲ್ಲ ನನಗೆ ಎದುರಿಗಿದ್ದ ಹುಡುಗನ ಮುಖ ಓದಲು ಬರಲಿಲ್ಲ.

ಮುಂದಿನ ಭಾನುವಾರ ಪೂಜೆಗೆ ಸಹಾಯ ಮಾಡುವ ಹುಡುಗರ ಸಾಲಿನಲ್ಲಿ ಅವನಿರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನಗೆ ಹೋಗಲು ನಾಚಿಕೆ. ಮೂರನೆಯ ವಾರ ಅವರ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟರು, ಏನೂ ಕೇಳಲಿಲ್ಲ. ಹುಡುಗ ಬಾಗಿಲ ಹಿಂದೆ ನಿಂತಿದ್ದ. ಇಬ್ಬನಿಯ ವಿಷಯ ಹೇಳಿದೆ, ತಪ್ಪು ನನ್ನದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ರ ಮುಂದ ಬೈದ್ರಲ್ಲಕ್ಕ, ಇದ ಮನೇಲಿ ಬಂದು ಹೇಳ್ತಿದ್ದೀರ" ಎಂದ.

ಒಬ್ಬರ ಹೆಸರು ಕೆಡಿಸಿದವರು ಅದನ್ನು ಮತ್ತೆ ಕಟ್ಟಿಕೊಡಬೇಕು ಎಂದು ನಾನೇ ಧರ್ಮೋಪದೇಶದಲ್ಲಿ ಪಾಠ ಮಾಡಿದ್ದೆ. ಬರಿಯ ಪಾಪನಿವೇದನೆಯಿಂದ ಆ ಸಾಲ ತೀರುವುದಿಲ್ಲ. ಹುಡುಗ ನನಗೆ ನನ್ನ ಪಾಠವನ್ನೇ ಒಪ್ಪಿಸಿದ್ದ. ಆ ಭಾನುವಾರ ತರಗತಿಯಲ್ಲಿ ಅದೇ ಮೂವತ್ತು ಮಕ್ಕಳ ಎದುರು ನಡೆದದ್ದನ್ನು ಹೇಳಿದೆ. ಸುದ್ದಿ ಮಕ್ಕಳ ಬಾಯಿಂದ ಮನೆಮನೆಗೂ ಹೋಗಿತ್ತಾದ್ದರಿಂದ ಈಗ ಮನೆಮನೆಗೂ ಹೋಗುವ ಈ ಪತ್ರಿಕೆಯಲ್ಲಿಯೂ ಬರೆಯುತ್ತಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು. ಹೆಸರು ಹಾಕಬೇಡಿ ಎಂದದ್ದು ಅವನ ತಾಯಿ.

ಈಗ ಲೆನ್ಸಿನ ಮುಂದೆ ಕಪ್ಪು ರಟ್ಟಿನ ಒಂದು ಉದ್ದ ಕೊಳವೆ ಇದೆ. ತೆರೆದ ಆಕಾಶಕ್ಕೆ ಲೆನ್ಸ್ ಬಿಸಿ ಬಿಟ್ಟುಕೊಡುವುದನ್ನು ಅದು ಕಡಿಮೆ ಮಾಡುತ್ತದೆ, ಇಬ್ಬನಿ ಬೇಗ ಕೂರುವುದಿಲ್ಲ. ಅಳತೆ ತೆಗೆದು ಕತ್ತರಿಸಿ ಅಂಟಿಸಿದ್ದು ಅದೇ ಕೈ ಸುಮ್ಮನಿರದ ಹುಡುಗ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಟಾರ್ಚ್ ಹಿಡಿದು ಲೆನ್ಸ್ ಪರೀಕ್ಷಿಸುವ ಕೆಲಸವೂ ಅವನದೇ. ದಾಖಲೆ ಪುಸ್ತಕದಲ್ಲಿ "ಇಬ್ಬನಿ" ಎಂಬ ಹೊಸ ಕಲಂ ಎಳೆದಿದ್ದಾನೆ.

ಮುಂದಿನ ವೀಕ್ಷಣೆ ಅಮಾವಾಸ್ಯೆಗೆ ಹತ್ತಿರದ ಶನಿವಾರ, ಸಂಜೆ ಏಳಕ್ಕೆ, ದೇವಾಲಯದ ಹಿಂದಿನ ಅಂಗಳದಲ್ಲಿ. ಯಾವ ಭಾಷೆಯ ಪೂಜೆಗೆ ಹೋಗುವವರೂ ಬರಬಹುದು. ಸ್ವೆಟರ್ ಹಾಕಿಕೊಂಡು ಬನ್ನಿ, ಮೊಬೈಲ್ ಜೇಬಿನಲ್ಲಿರಲಿ. ಮೋಡವಿದ್ದರೆ ಅಂದು ಏನೂ ತೋರಿಸಲಾಗದು, ಅದನ್ನೇ ಬರೆದಿಟ್ಟು ಮನೆಗೆ ಹೋಗೋಣ.